ಅಂಗ್ಕೋರ್ ನೋಡಲು ಮುದ್ರಿತ ಕೈಪಿಡಿ ಬೇಕು
ಮೊಬೈಲ್ ಕೈಯಲ್ಲಿರುವಾಗ ವಿದೇಶ ಪ್ರವಾಸಕ್ಕೆ ಮುದ್ರಿತ ಕೈಪಿಡಿ ಅನಗತ್ಯ ಹೊರೆ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತನ್ನು, ವಸತಿ, ಸಾರಿಗೆ ಮತ್ತು ದರಗಳ ಮಟ್ಟಿಗೆ ಒಪ್ಪುತ್ತೇನೆ. ಕಾಂಬೋಡಿಯಾದ ಪ್ರಾಚೀನ ದೇವಾಲಯಗಳ ತಾಣವಾದ ಅಂಗ್ಕೋರ್‌ನಲ್ಲಿ ಒಂದು ದಿನದ ಪ್ರವೇಶ ಶುಲ್ಕ 2017ರಲ್ಲಿ 20 ಡಾಲರ್‌ನಿಂದ 37 ಡಾಲರ್‌ಗೆ ಏರಿದಾಗ, ಅದಕ್ಕೂ ಮೊದಲು ಅಚ್ಚಾದ ಪುಸ್ತಕಗಳ ಲೆಕ್ಕವೆಲ್ಲ ತಪ್ಪಾಯಿತು.

ಆದರೆ ಅಲ್ಲಿಯ ಅಂಗ್ಕೋರ್ ವಾಟ್‌ನ ಉಬ್ಬುಶಿಲ್ಪಗಳ ಮುಂದೆ ನಿಂತಾಗ ಪುಸ್ತಕದ ಮಹತ್ವ ತಿಳಿಯುತ್ತದೆ. 12ನೇ ಶತಮಾನದಲ್ಲಿ ಖ್ಮೇರ್ ದೊರೆ ಎರಡನೇ ಸೂರ್ಯವರ್ಮನು ಕಟ್ಟಿಸಿದ ಈ ದೇವಾಲಯ ಪಶ್ಚಿಮಾಭಿಮುಖವಾಗಿದ್ದು, ಶಿಲ್ಪಗಳನ್ನು ನಮ್ಮ ರೂಢಿಯ ಪ್ರದಕ್ಷಿಣೆಗೆ ವಿರುದ್ಧವಾಗಿ, ಅಪ್ರದಕ್ಷಿಣವಾಗಿ ನೋಡುತ್ತ ಹೋಗಬೇಕು. ಒಳಹೊಕ್ಕು ಬಲಕ್ಕೆ ತಿರುಗಿದರೆ ಕುರುಕ್ಷೇತ್ರದ ಯುದ್ಧ, ಶರಶಯ್ಯೆಯ ಭೀಷ್ಮ. ದಕ್ಷಿಣದ ಪಡಸಾಲೆಯಲ್ಲಿ ಸ್ವತಃ ಸೂರ್ಯವರ್ಮನ ಸೇನೆಯ ಮೆರವಣಿಗೆ, ಆನಂತರ ಯಮನ ನ್ಯಾಯನಿರ್ಣಯ. ಪೂರ್ವದಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರಮಥನ. ಕುಮಾರವ್ಯಾಸನನ್ನು ಕೇಳಿ ಬೆಳೆದ ನಮಗೆ ಭೀಷ್ಮನ ಗುರುತು ಹತ್ತೀತು, ಆದರೆ ಮುಂದೆ ಬರುವ ಬಾಣಾಸುರನ ಕಾಳಗದ ಫಲಕವನ್ನು 16ನೇ ಶತಮಾನದಲ್ಲಿ ಕೆತ್ತಲಾಯಿತೆಂಬುದನ್ನೂ, ಅಲ್ಲಿಯ ಕೆತ್ತನೆ ಏಕೆ ಅಷ್ಟು ನಯವಾಗಿಲ್ಲವೆಂಬುದನ್ನೂ ಯಾರಾದರೂ ಹೇಳಲೇಬೇಕು. ಇಷ್ಟನ್ನೆಲ್ಲ ಗೋಡೆಯ ನಕ್ಷೆಯೊಂದಿಗೆ ಒಂದೇ ತೆರೆದ ಪುಟದಲ್ಲಿ ಕಾಣುವುದಕ್ಕೂ, ಬಿಸಿಲಿನಲ್ಲಿ ಪುಟ್ಟ ಪರದೆಯ ಮೇಲೆ ತುಣುಕು ತುಣುಕಾಗಿ ಹುಡುಕುವುದಕ್ಕೂ ಬಹಳ ಅಂತರವಿದೆ.

ಆದ್ದರಿಂದ ಹೋಟೆಲುಗಳ ಪಟ್ಟಿಯೇ ತುಂಬಿದ ದಪ್ಪ ಪುಸ್ತಕವನ್ನು ಬಿಟ್ಟು, ಪಡಸಾಲೆಗಳ ನಕ್ಷೆಯೂ ಫಲಕಗಳ ವಿವರಣೆಯೂ ಇರುವ ಪುಸ್ತಕವನ್ನೇ ಆರಿಸಿ, ಸಾಧ್ಯವಾದರೆ ಹೊರಡುವ ಮುನ್ನವೇ ಓದಿಕೊಳ್ಳಬೇಕೆಂದು ಹೋಗುವವರಲ್ಲಿ ನನ್ನ ವಿನಂತಿ.