ನಿಂತ ವಿಮಾನಕ್ಕೂ ಆರೈಕೆ ಬೇಕು
ಲಾಕ್‌ಡೌನ್‌ನಲ್ಲಿ ಹವ್ಯಾಸಿ ಪೈಲಟ್‌ಗಳು ಹಾರಲು ಅನುಮತಿ ಕೇಳಿದ್ದು ಬರೀ ಶ್ರೀಮಂತರ ಶೋಕಿ ಅಂತ ಬರೆದಿದ್ದೀರಿ. ಅದನ್ನು ಒಪ್ಪಲು ಆಗುವುದಿಲ್ಲ ಸರ್. ನಾನಿರುವುದು ಇಂಗ್ಲೆಂಡಿನಲ್ಲಿ, ನಾವು ಆರು ಜನ ದುಡ್ಡು ಹಾಕಿ ಸೆಸ್ನಾ 172 ಅನ್ನುವ ಒಂದು ಹಳೆಯ ಪುಟ್ಟ ವಿಮಾನ ಇಟ್ಟುಕೊಂಡಿದ್ದೇವೆ.

2020ರ ಮಾರ್ಚ್ 23ಕ್ಕೆ ಇಲ್ಲಿ ಲಾಕ್‌ಡೌನ್ ಘೋಷಣೆಯಾಯಿತು, ಮೋಜಿನ ಹಾರಾಟ ನಿಂತಿತು. ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಜಿನ್‌ಗೆ ಇದೆಲ್ಲ ಗೊತ್ತಾಗುತ್ತದೆಯೇ? ನಮ್ಮದರಲ್ಲಿರುವ ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ದಂಡ) ಮೇಲುಗಡೆ ಇರುತ್ತದೆ, ವಾರಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಅದು ಒಣಗುತ್ತದೆ, ಇಲ್ಲಿನ ತೇವದ ಗಾಳಿಗೆ ತುಕ್ಕು ಹಿಡಿಯುತ್ತದೆ. ನೆಲದ ಮೇಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ವಾ ಅಂತ ಗೆಳೆಯರು ಕೇಳುತ್ತಿದ್ದರು. ಸಾಲದು. ಎಣ್ಣೆ ಚೆನ್ನಾಗಿ ಕಾಯದೆ ಒಳಗಿನ ನೀರು ಆವಿಯಾಗುವುದಿಲ್ಲ, ಸುಮ್ನೆ ಓಡಿಸಿದರೆ ತೇವ ಇನ್ನೂ ಜಾಸ್ತಿಯಾಗುತ್ತದೆ. ಹಾರಾಟಕ್ಕೆ ಅದು ಬದಲಿಯಲ್ಲ ಅಂತ ಲೈಕಮಿಂಗ್ ಕಂಪನಿಯೇ ಹೇಳುತ್ತದೆ.

ಇನ್ನು ಪಿಟೋ ಕೊಳವೆ. ವೇಗ ತೋರಿಸುವ ಮೀಟರ್‌ಗೆ ಗಾಳಿ ಹೋಗುವುದು ಅದರಿಂದಲೇ. ನಿಂತ ವಿಮಾನಗಳಲ್ಲಿ ಅದರೊಳಗೆ ಹುಳು ಗೂಡು ಕಟ್ಟುತ್ತದೆ, ಆಮೇಲೆ ರನ್‌ವೇ ಮೇಲೆ ಓಡುವಾಗ ಮುಳ್ಳು ಅಲ್ಲಾಡುವುದೇ ಇಲ್ಲ. 2020ರ ಆಗಸ್ಟ್‌ನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ದೊಡ್ಡ ವಿಮಾನಗಳ ಬಗ್ಗೆಯೂ ಇದೇ ಎಚ್ಚರಿಕೆ ಕೊಟ್ಟಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ಹಾರಲು ಮತ್ತೆ ಬಿಟ್ಟಾಗ ನಾನು ಒಬ್ಬನೇ ಹೋಗಿ ಮೊದಲು ಎಣ್ಣೆ ಬದಲಿಸಿದೆ, ಕವರ್ ತೆಗೆದು ಒಂದೊಂದೇ ನೋಡಿದೆ. ಹಾರಿದ್ದು ಮಾರನೇ ದಿನ.