ನಿಮಗೆಂದೇ ತಯಾರಿಸಿದ ಪ್ಲಾನು, ಊರಿಗೆಲ್ಲ ಒಂದೇ

ಬಳ್ಳಾರಿಯಲ್ಲಿ ಮೈಕೈ ನೋವಿನವರಿಗೆ ಈಗ ಸುಗ್ಗಿ. ರಾಯಲ್ ಸರ್ಕಲ್‌ನಿಂದ ಯಾವ ಕಡೆ ಹೊರಟರೂ ಒಂದು ಜಿಮ್ಮು ಸಿಗುತ್ತದೆ, ಅದರ ಮೇಲಿನ ಮಹಡಿಯಲ್ಲೋ ಎದುರಿಗೋ ಒಂದು ಫಿಸಿಯೋಥೆರಪಿ ಕ್ಲಿನಿಕ್ಕು. ಕೆಳಗೆ ಸೊಂಟ ಕೆಡಿಸಿಕೊಂಡು ಮೇಲೆ ರಿಪೇರಿ ಮಾಡಿಸಿಕೊಳ್ಳಬಹುದು, ಮೆಟ್ಟಿಲು ಹತ್ತಲು ಆದರೆ. ಎಲ್ಲ ಬೋರ್ಡಿನಲ್ಲೂ ಒಂದೇ ಭರವಸೆ: ‘ನಿಮಗೆಂದೇ ತಯಾರಿಸಿದ ಪ್ಲಾನ್’. ನಾವು ಜೀನ್ಸ್ ಹೊಲಿಯುವ ಊರಿನವರು. ಒಂದೇ ಪ್ಯಾಟರ್ನ್ ಇಟ್ಟು ಥಾನುಗಟ್ಟಲೆ ಬಟ್ಟೆ ಕತ್ತರಿಸುವುದು ನಮಗೇನು ಹೊಸದಲ್ಲ. ಆದರೆ ಪ್ಯಾಂಟಿಗೆ 30, 32, 34 ಅಂತ ಸೈಜಾದರೂ ಇರುತ್ತದೆ. ಈ ಪ್ಲಾನಿಗೆ ಅದೂ ಇಲ್ಲ.

ನಮ್ಮ ಓಣಿಯಲ್ಲೊಬ್ಬ ಹಮಾಲಿ ಅಣ್ಣ ಇದ್ದಾನೆ. ಲಾರಿಗೆ ಭತ್ತದ ಚೀಲ ಏರಿಸುವುದು ಅವನ ಕೆಲಸ. ಚೀಲಕ್ಕೆ 75 ಕೆಜಿ. ಒಂದು ದಿನ ಸೊಂಟ ಹಿಡಿದುಕೊಂಡಿತು. ಕ್ಲಿನಿಕ್ಕಿಗೆ ಹೊರಟವನ ಜೊತೆ ನಾನೂ ಹೋದೆ. ಫಾರಂ ಇಂಗ್ಲಿಷಿನಲ್ಲಿರುತ್ತದೆ ಅಲ್ವಾ, ತುಂಬಲು ಒಬ್ಬರು ಬೇಕು.

ಫಾರಂ ನೋಡಿ ನನಗೆ ಖುಷಿಯಾಯಿತು. ಮನುಷ್ಯನ ಚಿತ್ರ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎಲ್ಲಿ ನೋವು ಅಂತ ಸುತ್ತು ಹಾಕಬೇಕು. ಆದರೆ ಬಲಗಡೆ ಮಂಡಿಗೆ ಆಗಲೇ ಒಂದು ಸುತ್ತು ಇತ್ತು. ಉಜ್ಜಿ ನೋಡಿದೆ, ಪೆನ್ನಿನದಲ್ಲ, ಜೆರಾಕ್ಸಿನದು. ಯಾರೋ ಪುಣ್ಯಾತ್ಮರು ಯಾವತ್ತೋ ತುಂಬಿದ ಹಾಳೆಯನ್ನೇ ಮಷಿನ್ನಿಗೆ ಇಟ್ಟಿದ್ದರು. ಅವರ ಮಂಡಿನೋವು ಊರಿಗೆಲ್ಲ ಪ್ರತಿ ಪ್ರತಿಯಾಗಿ ಹಂಚಿಕೆಯಾಗಿದೆ. ‘ಉದ್ಯೋಗ’ ಅನ್ನುವಲ್ಲಿ ಹೆಬ್ಬೆರಳಿನಷ್ಟು ಜಾಗ. ಅದರ ಕೆಳಗೆ, ‘ವ್ಯಾಯಾಮ ಮಾಡುತ್ತೀರಾ?’

“ಇಲ್ರೀ, ಎಲ್ಲಿ ಟೈಮ್ ಐತೆ?” ಅಂದ ಅಣ್ಣ.

ಕೌಂಟರಿನ ಹುಡುಗಿ ತಾನೇ ‘ಸೆಡೆಂಟರಿ’ಗೆ ಟಿಕ್ ಹಾಕಿದಳು. ಕೂತಲ್ಲೇ ಕೂತಿರುವವರ ಪಟ್ಟಿಗೆ ಬೆಳಗಿನಿಂದ ಸಂಜೆವರೆಗೆ ಬೆನ್ನ ಮೇಲೆ ಚೀಲ ಹೊರುವವನು ಸೇರಿಬಿಟ್ಟ. ಹಾಗೆ ನೋಡಿದರೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಮೈ ದಣಿಸುವವರು ಟ್ರೆಡ್‌ಮಿಲ್ ಮೇಲೆ ನಡೆಯುವ ರಿಯಲ್ ಎಸ್ಟೇಟಿನವರು ಮಾತ್ರ.

1984ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಒಂದು ಲೆಕ್ಕ ತೆಗೆದಿದ್ದರು. ರೋಗಿ ತನ್ನ ಕಷ್ಟ ಹೇಳಲು ಶುರುಮಾಡಿದ ಮೇಲೆ ಡಾಕ್ಟರು ಸರಾಸರಿ 18 ಸೆಕೆಂಡಿಗೆ ಮಧ್ಯೆ ಬಾಯಿ ಹಾಕುತ್ತಿದ್ದರಂತೆ. ಅಷ್ಟಕ್ಕೇ ಅಲ್ಲಿಯವರು ಗಾಬರಿಯಾದರು. ನಮ್ಮ ಕ್ಲಿನಿಕ್ಕಿನಲ್ಲಿ 18 ಸೆಕೆಂಡು ಅಂದರೆ ವಿಐಪಿ ಮರ್ಯಾದೆ. ಅಣ್ಣ “ಸೊಂಟ...” ಅಂದದ್ದಷ್ಟೇ. “ಗೊತ್ತಾಯ್ತು, ಮಲಗಿ” ಅಂದರು ಫಿಸಿಯೋ.

ಆಮೇಲೆ ‘ಕರೆಂಟ್ ಕೊಡುವುದು’. ಸೊಂಟಕ್ಕೆ ನಾಲ್ಕು ಪ್ಯಾಡು ಅಂಟಿಸಿ, ಮಷಿನ್ ಗುಂಡಿ ತಿರುಗಿಸಿ, ಪರದೆ ಎಳೆದು ಪಕ್ಕದ ಮಂಚಕ್ಕೆ ಹೋದರು. ಅಲ್ಲೂ ನಾಲ್ಕು ಪ್ಯಾಡು. ಬೀಪ್ ಅಂದಾಗ ಒಬ್ಬ ಹುಡುಗ ಬಂದು ಕಿತ್ತುಕೊಂಡು ಹೋದ. ಇದಕ್ಕೆ ಒಂದು ಸಿಟ್ಟಿಂಗ್ ಅನ್ನುತ್ತಾರೆ. ಹತ್ತು ಸಿಟ್ಟಿಂಗಿನ ಪ್ಯಾಕೇಜ್ ತೊಗೊಂಡರೆ ರಿಯಾಯಿತಿ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಇಂಗ್ಲೆಂಡಿನ ‘ನೈಸ್’ ಸಂಸ್ಥೆ 2016ರಲ್ಲೇ ಹೇಳಿದೆ: ಸೊಂಟನೋವಿಗೆ ಈ ಕರೆಂಟು, ಅಲ್ಟ್ರಾಸೌಂಡು, ಬೆನ್ನು ಜಗ್ಗುವ ಟ್ರ್ಯಾಕ್ಷನ್ನು ಕೊಡಬೇಡಿ, ಆ ಮನುಷ್ಯನಿಗೆ ಏನು ಬೇಕು, ಏನು ಮಾಡಲು ಆಗುತ್ತದೆ ಅಂತ ನೋಡಿ ವ್ಯಾಯಾಮ ಮಾಡಿಸಿ. ಮಾಡಿಸಬಹುದು. ಆದರೆ ಮಷಿನ್ನಿನ ಸಾಲದ ಕಂತು ಯಾರು ಕಟ್ಟುತ್ತಾರೆ?

ಅಣ್ಣ ಎಂಆರ್‌ಐ ಕೂಡ ಮಾಡಿಸಿದ್ದ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಅಂತ ರಿಪೋರ್ಟು. ಅದನ್ನು ಬೆಳಕಿಗೆ ಹಿಡಿದು “ನಿಮ್ಮ ಬೆನ್ನು ಸವೆದು ಹೋಗಿದೆ” ಅಂದಮೇಲೆ ಮನುಷ್ಯ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಹೆದರಿದ. 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಯಾವ ನೋವೂ ಇಲ್ಲದ 50ರ ವಯಸ್ಸಿನವರಲ್ಲೂ ಶೇ. 60ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ, ಶೇ. 80ರಷ್ಟು ಮಂದಿಗೆ ಸವೆದಿರುತ್ತದೆ. ಅಂದರೆ ಅದು ತಲೆಕೂದಲು ನರೆತ ಹಾಗೆ. ಇದನ್ನು ಹೇಳಿದರೆ ರೋಗಿ ನಿರಾಳನಾಗಿ ಮನೆಗೆ ಹೋಗಿಬಿಡುತ್ತಾನೆ, ಅದೇ ತೊಂದರೆ.

ಕೊನೆಗೆ ಅವನ ಹೆಸರು ಬರೆದ ಹಾಳೆ ಕೈಗೆ ಬಂತು. ಹೆಸರು ಮಾತ್ರ ಕೈಬರಹ, ಅದರಲ್ಲೂ ಒಂದಕ್ಷರ ತಪ್ಪು. ಉಳಿದದ್ದೆಲ್ಲ ಪ್ರಿಂಟು. ‘ಮೂರು ತಿಂಗಳು ಭಾರ ಎತ್ತಬೇಡಿ.’ ಆ ಮೂರು ತಿಂಗಳು ಮನೆ ಯಾರು ನಡೆಸಬೇಕು ಅನ್ನುವುದಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲ. ‘ವಾರಕ್ಕೆ ಎರಡು ಸಲ ಈಜಿ.’ ‘ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ.’ ಆಗ ಮೇ ತಿಂಗಳು. ಬಳ್ಳಾರಿಯ ಮೇ ತಿಂಗಳು, ಸ್ವಾಮಿ! ನಲ್ಲಿ ತಿರುಗಿಸಿದರೆ ಶಾಖ ಬರುತ್ತದೆ. ಕೊನೇ ಸಾಲು: ‘ಸ್ನಾಯು ಬಲಪಡಿಸಲು ಜಿಮ್ ಸೇರಿ.’

ಸೇರಿದ. ಅಲ್ಲಿನ ಕೋಚು ಬಲು ಒಳ್ಳೆ ಹುಡುಗ. ಫಾರಂನಲ್ಲಿ ‘ಸೆಡೆಂಟರಿ’ ಓದಿದ, ಎರಡೂವರೆ ಕೆಜಿಯ ಗುಲಾಬಿ ಬಣ್ಣದ ಡಂಬೆಲ್ ಎರಡು ತಂದುಕೊಟ್ಟ. “ಮೊದಲ ದಿನ ಜಾಸ್ತಿ ಬೇಡ ಅಣ್ಣಾ, ಮೈ ಹಿಡ್ಕೊಳ್ಳುತ್ತೆ. ಮೂರು ಸೆಟ್, ಹತ್ತತ್ತು.” ಅಣ್ಣ ಅವನ್ನು ಒಂದೇ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. ಕೋಚು ಮೊಬೈಲ್ ನೋಡುತ್ತಲೇ ಎಣಿಸಿದ. ಹತ್ತಾದ ಮೇಲೂ ಎಣಿಸಿದ.

ಈ ‘ಮೂರು ಸೆಟ್, ಹತ್ತತ್ತು’ ಎಲ್ಲಿಂದ ಬಂತು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಿಗೆ ಭಾರ ಎತ್ತಿಸಿ ಮತ್ತೆ ಓಡಾಡುವಂತೆ ಮಾಡಿದ ಥಾಮಸ್ ಡಿಲಾರ್ಮ್ ಎಂಬ ಡಾಕ್ಟರು 1948ರಲ್ಲಿ ಸಹೋದ್ಯೋಗಿಯ ಜೊತೆ ಸೇರಿ ಬರೆದದ್ದು. ಆದರೆ ಅವರು ಮೊದಲು ಮಾಡುತ್ತಿದ್ದ ಕೆಲಸ, ಎದುರಿಗಿರುವ ಈ ಮನುಷ್ಯ ಹತ್ತು ಸಲ ಎತ್ತಬಲ್ಲ ಭಾರ ಎಷ್ಟು ಅಂತ ಅಳೆಯುವುದು. ಮೊದಲ ಸೆಟ್ಟಿಗೆ ಅದರ ಅರ್ಧ, ಆಮೇಲೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ನಮ್ಮವರು ಮೂರನ್ನೂ ಹತ್ತನ್ನೂ ಭದ್ರವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅಳೆಯುವುದನ್ನು ಮಾತ್ರ ದಾರಿಯಲ್ಲೆಲ್ಲೋ ಬಿಟ್ಟಿದ್ದಾರೆ.

ಹಾಗಂತ ನಮ್ಮ ಜಿಲ್ಲೆಗೆ ಇದು ಗೊತ್ತಿಲ್ಲ ಅನ್ನಬೇಡಿ. ತೋರಣಗಲ್ಲಿನ ಪಕ್ಕದಲ್ಲೇ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ. ಜಾವೆಲಿನ್ ಎಸೆಯುವವನ ಭುಜ ಬೇರೆ, ಕುಸ್ತಿಯವನ ಕುತ್ತಿಗೆ ಬೇರೆ ಅನ್ನುವುದು ಅಂಥ ಕಡೆ ಮೊದಲ ಪಾಠ. ಆ ಪಾಠ ಅಲ್ಲಿಂದ ಬಸ್ಸು ಹತ್ತಿ ಬಳ್ಳಾರಿಗೆ ಬಂದಿಲ್ಲ. ನೀರಜ್ ಅವರ ಫೋಟೋ ಮಾತ್ರ ಬಂದು ಜಿಮ್ಮಿನ ಗೋಡೆ ಮೇಲೆ ಕೂತಿದೆ.

ಅದೇ ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದರು. ಮಂಡಿನೋವು. ಜೆರಾಕ್ಸಿನ ಸುತ್ತು ಸರಿಯಾಗಿ ಕೂತದ್ದು ಅವರೊಬ್ಬರಿಗೇ. “ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಲೇಬೇಡಿ” ಅಂದಿದ್ದರಂತೆ. “ನೆಲದ ಮ್ಯಾಲ ಕೂರದಿದ್ರ ರೊಟ್ಟಿ ಎಲ್ಲಿ ಬಡೀಲಿ? ಕುರ್ಚಿ ಮ್ಯಾಲನಾ?” ಅಂತ ಅಜ್ಜಿ ನನ್ನನ್ನೇ ಕೇಳಿದರು. ಕೇಳಬೇಕಾದವರು ಪರದೆಯ ಆಚೆ ಇದ್ದರು. ಇದಕ್ಕೆಂದೇ ಕೆನಡಾದಲ್ಲಿ 1995ರಲ್ಲಿ ಒಂದು ಚಿಕ್ಕ ಪ್ರಶ್ನಾವಳಿ ಮಾಡಿದ್ದಾರೆ. ನೋವಿನಿಂದ ನಿಮಗೆ ಮಾಡಲು ಆಗದ ಕೆಲಸ ಯಾವುದು, ನೀವೇ ಹೇಳಿ. ಸೊನ್ನೆಯಿಂದ ಹತ್ತರೊಳಗೆ ನೀವೇ ಅಂಕ ಕೊಡಿ: ಆಗಲೇ ಆಗದಿದ್ದರೆ ಸೊನ್ನೆ, ಮೊದಲಿನ ಹಾಗೇ ಆದರೆ ಹತ್ತು. ಅಷ್ಟೇ. ಮಷಿನ್ ಬೇಡ, ಕರೆಂಟ್ ಬೇಡ. ಅಜ್ಜಿ ‘ರೊಟ್ಟಿ ಬಡಿಯೋದು, ಎರಡು’ ಅಂದಿದ್ದರೆ ಚಿಕಿತ್ಸೆ ಅಲ್ಲಿಂದಲೇ ಶುರು. ಹೀಗೆ ಕೇಳುವ ಫಿಸಿಯೋಗಳು ನಮ್ಮೂರಲ್ಲೂ ಇದ್ದಾರೆ. ಅವರ ಬೋರ್ಡು ಚಿಕ್ಕದು, ರಾತ್ರಿ ಲೈಟು ಹತ್ತುವುದಿಲ್ಲ.

ಕೊನೇ ಸಿಟ್ಟಿಂಗಿನ ದಿನ ಕೌಂಟರಿನ ಹುಡುಗಿ ಕ್ಯೂಆರ್ ಕೋಡ್ ಮುಂದಿಟ್ಟಳು. ಗೂಗಲ್‌ನಲ್ಲಿ ರಿವ್ಯೂ ಹಾಕಬೇಕು. ಅಣ್ಣನದು ಬಟನ್ ಫೋನು.

“ಪರವಾಗಿಲ್ಲ ಅಂಕಲ್, ನಿಮ್ಮ ಹೆಸರಲ್ಲಿ ನಾವೇ ಹಾಕ್ತೀವಿ” ಅಂದಳು. ಒತ್ತಿ ತೋರಿಸಿದಳು. ಐದಕ್ಕೆ ಐದು ಸ್ಟಾರು.

“ಏನ್ ಬರ್ದಾರ?” ಅಂದ ಅಣ್ಣ.

ನಾನು ಓದಿದೆ: ‘ನನ್ನ ಮಾತನ್ನು ತುಂಬಾ ತಾಳ್ಮೆಯಿಂದ ಕೇಳಿಸಿಕೊಂಡರು.’

“ಯಾವ ಮಾತು?” ಅಂದ.