ಹಿಂದಿನ ಸೀಟಿನ ಭಾವ

ಟ್ಯಾಂಡಮ್ ಸೈಕಲ್ ಕೊಳ್ಳುವ ಮೊದಲು ಮುಂದಿನ ಸೀಟು ಯಾರದ್ದು ಅಂತ ಇತ್ಯರ್ಥ ಆಗಿರಬೇಕು. ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಸೈಕಲ್ಲು ಅದು. ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲ ಮುಂದಿನವರ ಕೈಯಲ್ಲಿ. ಹಿಂದಿನವರಿಗೆ ಪೆಡಲ್ಲು ಮತ್ತು ಮುಂದಿನವರ ಬೆನ್ನು. ಹೀಗಾಗಿ ಕೆಲವು ಮನೆಗಳಲ್ಲಿ ಸೈಕಲ್ಲಿಗಿಂತ ಮೊದಲು ಜಗಳ ಬರುತ್ತದೆ. ನಮ್ಮಲ್ಲಿ ಆ ತೊಂದರೆ ಇರಲಿಲ್ಲ. ಕಣ್ಣಿನ ಡಾಕ್ಟರೇ ಇತ್ಯರ್ಥ ಮಾಡಿ ಕಳಿಸಿದ್ದರು.

ನಮ್ಮ ಭಾವನವರಿಗೆ, ಅಂದರೆ ಅಕ್ಕನ ಯಜಮಾನರಿಗೆ, ಗ್ಲಾಕೋಮಾ. ಎದುರಿಗಿದ್ದದ್ದು ಚೆನ್ನಾಗಿ ಕಾಣುತ್ತದೆ. ಪಕ್ಕದಿಂದ ಬಂದದ್ದು ಕಾಣುವುದಿಲ್ಲ. ಹೋದ ನೋಟ ವಾಪಸ್ ಬರಲ್ಲ, ಇರೋದನ್ನ ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಿ, ಗಾಡಿ ಮಾತ್ರ ಓಡಿಸಬೇಡಿ ಅಂದರು ಡಾಕ್ಟರು. ಭಾವ ಜನ್ಮದಲ್ಲಿ ಸ್ಕೂಟರ್ ಮುಟ್ಟಿದವರಲ್ಲ. ಸರಸ್ವತೀಪುರಂನಿಂದ ಬ್ಯಾಂಕಿಗೆ ಸೈಕಲ್ಲಿನಲ್ಲೇ ಹೋಗಿ, ಸೈಕಲ್ಲಿನಲ್ಲೇ ರಿಟೈರ್ ಆಗಿ ಬಂದವರು. ಸೈಕಲ್ಲು ಗಾಡಿಯ ಲೆಕ್ಕಕ್ಕೆ ಬರಲ್ಲ ಅಂತ ವಾದ ಹೂಡಿದರು. ಅಕ್ಕ ವಾದ ಮಾಡಲಿಲ್ಲ. ಹರ್ಕ್ಯುಲಿಸ್ಸಿಗೆ ಬೀಗ ಹಾಕಿ, ಕೀಲಿ ತಗೊಂಡು ಹೋಗಿ ಸಾಸಿವೆ ಡಬ್ಬಿಯಲ್ಲಿ ಹುಗಿದಿಟ್ಟಳು.

ಅದಾದ ಮೇಲೆ ಭಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೋಗಿ ಬರುವವರ ಸೈಕಲ್ಲುಗಳ ಚೈನಿಗೆ ಎಣ್ಣೆ ಇದೆಯಾ ಇಲ್ಲವಾ ಅಂತ ಸದ್ದಿನಲ್ಲೇ ಹೇಳುತ್ತಾ ಕಾಲ ತಳ್ಳುತ್ತಿದ್ದರು. ಅಷ್ಟರಲ್ಲಿ ಪ್ಯಾರಿಸ್‌ನ ಪ್ಯಾರಾಲಿಂಪಿಕ್ಸ್ ಬಂತು. ದೃಷ್ಟಿ ಇಲ್ಲದವರ ಸೈಕಲ್ ರೇಸು. ಮುಂದೆ ಕಣ್ಣು ಕಾಣುವ ಪೈಲಟ್ಟು, ಹಿಂದೆ ಸ್ಪರ್ಧಿ. ಗೆದ್ದರೆ ಪದಕ ಇಬ್ಬರಿಗೂ. ಮಾಮೂಲಿ ಒಲಿಂಪಿಕ್ಸ್‌ನಲ್ಲೂ 1972ರ ಮ್ಯೂನಿಕ್‌ವರೆಗೆ ಟ್ಯಾಂಡಮ್ ರೇಸ್ ಇತ್ತು, ಆಮೇಲೆ ತೆಗೆದುಹಾಕಿದರು. ಭಾವ ಎದ್ದು ನೆಟ್ಟಗೆ ಕೂತರು. "ನೋಡಯ್ಯಾ, ಹಿಂದೆ ಕೂತಿದಾನಲ್ಲ, ಅವನೇ ಅಸಲಿ ಆಟಗಾರ. ಮುಂದೆ ಇರೋನು ಸುಮ್ನೆ ಡ್ರೈವರ್ರು" ಅಂದರು. ಅಷ್ಟು ಹೇಳಿ ನನ್ನ ಕಡೆ ನೋಡಿದರು. ಡ್ರೈವರ್ ಯಾರು ಅನ್ನೋದು ನನಗೂ ಗೊತ್ತಾಯಿತು.

ಹುಡುಕಾಟ ಶುರುವಾಯಿತು. ಒಂದು ಸೈಕಲ್ ಅಂಗಡಿಯವನು ನಮ್ಮ ಬೇಡಿಕೆಯನ್ನು ಪೂರ್ತಿ ಕೇಳಿಸಿಕೊಂಡು, "ಅದರ ಬದಲು ಎರಡು ಸೈಕಲ್ ತಗೊಳ್ಳಿ ಸರ್, ಡಿಸ್ಕೌಂಟ್ ಕೊಡ್ತೀನಿ" ಅಂದ. ಇನ್ನೊಬ್ಬ, ಮದುವೆ ಫೋಟೋ ಶೂಟಿಗೆ ಬೇಕಾದರೆ ಬಾಡಿಗೆಗೆ ಸಿಗುತ್ತೆ ಅಂದ. ಭಾವ ನನ್ನ ಮುಖ ನೋಡಿ ಮಾತಾಡದೆ ಹೊರಗೆ ಬಂದರು. ಕೊನೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಗಂಡ ಹೆಂಡತಿ ಆಸೆಯಿಂದ ಕೊಂಡಿದ್ದರು. ಟೈರಿನ ಮೇಲಿನ ಕೂದಲೆಳೆಗಳೂ ಉದುರಿರಲಿಲ್ಲ. ಯಾಕೆ ಮಾರ್ತಿದೀರಿ ಅಂತ ಕೇಳಿದೆ. ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಲಿಫ್ಟಿನ ಕಡೆ ನೋಡಿದಳು. "ಲಿಫ್ಟಲ್ಲಿ ಹಿಡಿಸಲ್ಲ" ಅಂದಳು. ಹತ್ತಿರ ಹತ್ತಿರ ಎಂಟಡಿ ಉದ್ದ, ಹಿಡಿಸೋದಿಲ್ಲ ನಿಜ. ಆದರೆ ಆ ನೋಟದಲ್ಲಿ ಲಿಫ್ಟಿನದೊಂದೇ ಕಾರಣ ಇದ್ದಂತೆ ಕಾಣಲಿಲ್ಲ.

ಭಾವ ಬ್ಯಾಂಕಿನಲ್ಲಿ ಸಾಲದ ಅರ್ಜಿ ಪರಿಶೀಲಿಸುತ್ತಿದ್ದವರು. ಟೇಪು, ನೋಟ್‌ಬುಕ್ಕು ಹಿಡಿದು ಸೈಕಲ್ಲನ್ನು ಸುತ್ತು ಹಾಕಿದರು. ನಾನು ಓದಿಕೊಂಡು ಹೋಗಿದ್ದನ್ನೆಲ್ಲ ಒಪ್ಪಿಸಿದೆ. ಎರಡು ಜನರ ಭಾರ ಎರಡೇ ಚಕ್ರದ ಮೇಲೆ ಬೀಳುವುದರಿಂದ ಕಡ್ಡಿ ಜಾಸ್ತಿ ಇರಬೇಕು. ಒಳ್ಳೆಯ ಟ್ಯಾಂಡಮ್ ಚಕ್ರಕ್ಕೆ 40, ಕೆಲವಕ್ಕೆ 48 ಕಡ್ಡಿ ಇರುತ್ತವೆ. ಭಾವ ಬೆರಳಿಟ್ಟು ಎಣಿಸಿದರು. ಮಧ್ಯೆ ಮಾಲೀಕರು ಕಾಫಿ ಬೇಕಾ ಅಂತ ಕೇಳಿದ್ದರಿಂದ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸಿದರು. ಬ್ರೇಕು ಡಿಸ್ಕ್ ಆದರೆ ಒಳ್ಳೆಯದು. ಉದ್ದನೆಯ ಇಳಿಜಾರಿನಲ್ಲಿ ರಬ್ಬರ್ ಬ್ರೇಕು ಹಿಡಿದೇ ಇದ್ದರೆ ರಿಮ್ಮು ಕಾದು ಟೈರು ಸಿಡಿಯುವುದೂ ಉಂಟು. ಇದನ್ನು ಅಕ್ಕನ ಎದುರಿಗೆ ಹೇಳಬಾರದಿತ್ತು. ಅವತ್ತೇ ಚಾಮುಂಡಿಬೆಟ್ಟ ರದ್ದಾಯಿತು.

ಇನ್ನು ಚೈನು. ಬಲಗಡೆ ಮಾಮೂಲಿನಂತೆ ಹಿಂದಿನ ಚಕ್ರಕ್ಕೆ ಹೋಗುವ ಚೈನು. ಎಡಗಡೆ ಇನ್ನೊಂದು, ಮುಂದಿನ ಪೆಡಲನ್ನೂ ಹಿಂದಿನ ಪೆಡಲನ್ನೂ ಕಟ್ಟಿಹಾಕುವುದಕ್ಕೆ. ಹಾಗಾಗಿ ನಾಲ್ಕು ಕಾಲೂ ಒಟ್ಟಿಗೆ ತಿರುಗಬೇಕು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರದ್ದೂ ನಿಲ್ಲುತ್ತದೆ. ಬೇರೆ ಬೇರೆಯಾಗಿ ತುಳಿಯುವ ಏರ್ಪಾಡು ಇರುವ ಸೈಕಲ್ಲುಗಳೂ ಇವೆ. ಆದರೆ ಅವು ನಮ್ಮ ಕೈಗೆಟುಕುವಂಥವಲ್ಲ. ಈ ಎಡಗಡೆಯ ಚೈನಿನ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲ ಅನುಮಾನಕ್ಕೂ ಮೂಲ ಅದೇ.

ಭಾವ ಹಿಂದಿನ ಸೀಟಿನಲ್ಲಿ ಕೂತು ಹ್ಯಾಂಡಲ್ ಹಿಡಿದರು. ತಿರುಗಿಸಿದರು. ಅದು ಅಲುಗಲಿಲ್ಲ. ನನ್ನ ಸೀಟಿನ ಕಂಬಕ್ಕೆ ಬಿಗಿದ ಹ್ಯಾಂಡಲ್ಲು ಅದು, ಎಲ್ಲಿ ತಿರುಗಬೇಕು?

"ಇದು ಜಾಮ್ ಆಗಿದೆ ಕಣಯ್ಯಾ."

"ಜಾಮ್ ಆಗಿಲ್ಲ ಭಾವ. ಅದು ಹಿಡ್ಕೊಳ್ಳೋಕೆ ಮಾತ್ರ."

"ಬ್ರೇಕು?"

"ಮುಂದೆ."

"ಗೇರು?"

"ಅದೂ ಮುಂದೆ."

"ಒಂದು ಬೆಲ್ಲಾದ್ರೂ ಬೇಡ್ವಾ ಮನುಷ್ಯನಿಗೆ?"

ಮೈಸೂರಿಗೆ ಗೂಡ್ಸ್ ಗಾಡಿಯಲ್ಲಿ ಸೈಕಲ್ ಬಂದಿಳಿದ ದಿನವೇ ಭಾವ ಸ್ಪ್ಯಾನರ್ ಹುಡುಕಿಕೊಂಡು ಹರ್ಕ್ಯುಲಿಸ್ಸಿನ ಹತ್ತಿರ ಹೋದರು. ಬೀಗ ಚಕ್ರಕ್ಕೆ ತಾನೇ, ಬೆಲ್ಲಿಗಲ್ಲವಲ್ಲ. ಒಳಗೆ ತುಕ್ಕು ಹಿಡಿದಿದ್ದ ಹಲ್ಲುಚಕ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತಿರುಗದ ಹ್ಯಾಂಡಲ್ಲಿನ ಬಲಗಡೆಗೆ ಬಿಗಿದರು. ಅವತ್ತಿಂದ ಸೈಕಲ್ಲು ಒಂದು ಹೇಳಿದರೆ ಬೆಲ್ಲು ಒಂದು ಹೇಳುತ್ತದೆ. ಎದುರಿಗೆ ಯಾರೂ ಇಲ್ಲದಾಗ ಬಾರಿಸುತ್ತಾರೆ. ಹಸು ಅಡ್ಡ ಬಂದಾಗ ನನ್ನ ಬೆನ್ನಿನಿಂದ ಅದು ಕಾಣುವುದಿಲ್ಲವಾದ್ದರಿಂದ ಸುಮ್ಮನಿರುತ್ತಾರೆ.

ಅಷ್ಟಕ್ಕೂ ಸಮಾಧಾನ ಆಗಲಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಫೋನ್ ಮಾಡಿ ಟ್ಯಾಂಡಮ್ಮಿನ ಚರಿತ್ರೆ ತೆಗೆಸಿದರು. 1890ರ ದಶಕದಲ್ಲಿ ಕೆಲವು ಟ್ಯಾಂಡಮ್ಮುಗಳಲ್ಲಿ ಹೆಂಗಸರನ್ನು ಮುಂದೆ ಕೂರಿಸುತ್ತಿದ್ದರು. ಹಿಂದೆ ಕೂತ ಗಂಡಸಿಗೂ ಸೈಕಲ್ ತಿರುಗಿಸಲು ಬರಲಿ ಅಂತ ಹಿಂದಿನ ಹ್ಯಾಂಡಲ್ಲಿನಿಂದ ಮುಂದಕ್ಕೆ ಒಂದು ಸರಳು ಜೋಡಿಸಿರುತ್ತಿದ್ದರು. "ನೋಡಿದ್ಯಾ? ನೂರಾ ಮೂವತ್ತು ವರ್ಷದ ಹಿಂದೆನೇ ಇತ್ತು. ನಮ್ಮ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿದ್ರೆ ಅರ್ಧ ಗಂಟೆ ಕೆಲಸ" ಅಂದರು ಭಾವ. ಅಕ್ಕ ಅಡುಗೆಮನೆಯಿಂದಲೇ "ರೀ" ಅಂದಳು. ಆ ಪ್ರಸ್ತಾಪ ಅಲ್ಲಿಗೆ ಬಿತ್ತು.

ಹತ್ತುವುದೇ ಒಂದು ವ್ರತ. ನಾನು ಎರಡು ಕಾಲು ಅಗಲಿಸಿ ನೆಲಕ್ಕೂರಿ, ಎರಡು ಬ್ರೇಕನ್ನೂ ಒತ್ತಿ ಹಿಡಿದು ನಿಲ್ಲಬೇಕು. ಭಾವ ಹತ್ತಿ ಎರಡು ಪಾದವನ್ನೂ ಪೆಡಲ್ ಮೇಲಿಟ್ಟು "ಹೂಂ" ಅನ್ನಬೇಕು. ಆಮೇಲೆ ಎಡಗಾಲಿನ ಪೆಡಲು ಮೇಲೆ ಬರಬೇಕು, ಒಂದು ಎರಡು ಮೂರು, ಹೊರಡಬೇಕು. ಭಾವನಿಗೆ ಬಲಗಾಲು ಶುಭ. ಗೃಹಪ್ರವೇಶದಿಂದ ಹಿಡಿದು ಬಸ್ ಹತ್ತುವ ತನಕ ಬಲಗಾಲೇ ಮೊದಲು. ನಾನು ಎಡ ಅನ್ನುವಷ್ಟರಲ್ಲಿ ಅವರು ಬಲದ್ದನ್ನು ಮೇಲೆ ತರಲು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾರೆ. ಅವರದ್ದು ತಿರುಗಿದರೆ ನನ್ನದೂ ತಿರುಗಬೇಕಲ್ಲ. ನನ್ನ ಪೆಡಲು ಬಂದು ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಸರಿಯಾಗಿ ಬಡಿಯುತ್ತದೆ. ಆ ಜಾಗದಲ್ಲಿ ಈಗ ಪೆಡಲಿನ ಹಲ್ಲುಗಳ ಗುರುತು ಸಾಲಾಗಿದೆ. ಈಗೀಗ ಬಲಗಾಲಿನಲ್ಲೇ ಹೊರಡುತ್ತೇವೆ.

ರಸ್ತೆಗೆ ಬಿದ್ದ ಮೇಲೆ ಬೇರೆ ಕಥೆ. ಭಾವನಿಗೆ ಪಕ್ಕದ್ದು ಕಾಣಬೇಕಾದರೆ ಕತ್ತು ತಿರುಗಿಸಬೇಕು. ಅವರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ, ಸೊಂಟದಿಂದಲೇ ತಿರುಗುತ್ತಾರೆ. ಅವರು ಎಡಕ್ಕೆ ತಿರುಗಿದರೆ ಸೈಕಲ್ಲು ಎಡಕ್ಕೆ ಹೋಗುತ್ತದೆ. ಒಂದು ಮನೆ ಮುಂದೆ ದೊಡ್ಡ ರಂಗೋಲಿ ಹಾಕಿದ್ದರು. ಭಾವ ಅದನ್ನು ನೋಡಿದರು. ನಾವು ಅದರ ಮೇಲೇ ಹೋದೆವು. ಆ ಮನೆಯಾಕೆ ಕೈಯಲ್ಲಿ ರಂಗೋಲಿ ಬಟ್ಟಲು ಹಿಡಿದು ನಿಂತಿದ್ದರು. ಬೈಗುಳವೆಲ್ಲ ಮುಂದಿನವನಿಗೆ. ಹಿಂದಿನವರು ಬೆಲ್ ಬಾರಿಸಿದರು.

ಹಂಪಿನ ವಿಷಯ ಹೇಳಲೇಬೇಕು. ನಮ್ಮ ಬಡಾವಣೆಯಲ್ಲಿ ಹಂಪುಗಳಿಗೆ ಬರವಿಲ್ಲ. ಬಿಳಿ ಬಣ್ಣಕ್ಕೆ ಮಾತ್ರ ಬರ. ಮುಂದಿನ ಚಕ್ರ ದಾಟಿದ ತಕ್ಷಣ ನನಗೆ ಹಂಪು ಮುಗಿಯಿತು ಅನಿಸಿ ಜೋರಾಗಿ ತುಳಿಯುತ್ತೇನೆ. ಹಿಂದಿನ ಚಕ್ರ ಇನ್ನೂ ಆಚೆ ಇರುತ್ತದೆ, ಅದರ ನೇರಕ್ಕೆ ಭಾವ. "ನಂದು ಇನ್ನೂ ಬಂದಿಲ್ಲ ಕಣಯ್ಯಾ!" ಅನ್ನುವಷ್ಟರಲ್ಲಿ ಅವರದ್ದೂ ಬಂದಿರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು "ಹಂಪ್" ಅಂತ ಕೂಗಬೇಕು, ಅವರು ಪೆಡಲ್ ಮೇಲೆ ಭಾರ ಬಿಟ್ಟು ಅರ್ಧ ಏಳಬೇಕು. ಬೆಳಗ್ಗೆ ಆರು ಗಂಟೆಗೆ ಬೀದಿಯಲ್ಲಿ "ಹಂಪ್! ಹಂಪ್!" ಅಂತ ಕೂಗಿಕೊಂಡು ಹೋಗುವುದು ಕೇಳಿ ಒಬ್ಬರು ಸೊಪ್ಪಿನವನು ಬಂದ ಅಂತ ಗೇಟಿಗೆ ಬಂದಿದ್ದರು.

ಯೂ ಟರ್ನ್ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಇಳಿದು, ಎತ್ತಿ, ತಿರುಗಿಸಿ, ಮತ್ತೆ ಹತ್ತಬೇಕು.

ಜನರ ಪ್ರಶ್ನೆಗಳು ಮಾತ್ರ ಮುಗಿಯುವುದಿಲ್ಲ. ಎಷ್ಟು ಕೊಟ್ರಿ, ಒಬ್ಬರೇ ಓಡಿಸಬಹುದಾ, ಒಬ್ಬರು ಇಳಿದರೆ ಬೀಳುತ್ತಾ. ಒಬ್ಬ ಆಟೋದವನು ಮೈಲೇಜ್ ಕೇಳಿದ. ಆದರೆ ತಲೆಗೆ ಹುಳ ಬಿಟ್ಟವನು ಒಬ್ಬ ಶಾಲೆ ಹುಡುಗ. "ಅಂಕಲ್, ಹಿಂದಿರೋ ತಾತ ತುಳೀತಾನೇ ಇಲ್ಲ!" ಅಂತ ಕೂಗಿ ಓಡಿದ.

ನಾನು ಹಿಂದಕ್ಕೆ ನೋಡಿದೆ. ಭಾವನ ಕಾಲು ಚೆನ್ನಾಗಿ ತಿರುಗುತ್ತಿದ್ದವು. ಆದರೆ ತಿರುಗದೆ ಎಲ್ಲಿಗೆ ಹೋಗುತ್ತವೆ? ಎಡಗಡೆ ಚೈನು ಇದೆಯಲ್ಲ. ನಾನು ತುಳಿದರೆ ಅವರ ಕಾಲು ತಾನಾಗಿ ತಿರುಗುತ್ತದೆ. ಪಾದ ಸುಮ್ನೆ ಇಟ್ಟುಕೊಂಡಿದ್ದರೂ ನೋಡುವವರಿಗೆ ದುಡಿಯುತ್ತಿರುವ ಹಾಗೇ ಕಾಣುತ್ತದೆ. ಇಂಥ ವ್ಯವಸ್ಥೆಯಲ್ಲಿ ಯಾರು ತುಳಿಯುತ್ತಾರೆ, ಯಾರು ಸವಾರಿ ಮಾಡುತ್ತಾರೆ ಅಂತ ಕಂಡುಹಿಡಿಯೋದು ಹೇಗೆ? ಸಾಲದ್ದಕ್ಕೆ ಮನೆಗೆ ಬಂದ ಮೇಲೆ ಭಾವ ಅಕ್ಕನಿಗೆ "ಇವತ್ತು ಸಖತ್ ತುಳಿದೆ ಕಣೇ, ತೊಡೆ ಎಲ್ಲ ಹಿಡ್ಕೊಂಡಿದೆ" ಅಂತ ಹೇಳಿ ಎರಡು ದೋಸೆ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದರು.

ಪರೀಕ್ಷೆ ಮಾಡೇಬಿಡೋಣ ಅಂತ ಒಂದು ಭಾನುವಾರ ಲಲಿತಮಹಲ್ ರಸ್ತೆಗೆ ಕರೆದುಕೊಂಡು ಹೋದೆ. ವೈಸ್‌ರಾಯ್ ಇಳಿದುಕೊಳ್ಳಲಿ ಅಂತ 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ ಅರಮನೆ ಅದು. ಎದುರಿನ ರಸ್ತೆ ಅಗಲವಾಗಿದೆ, ಬೆಳಗ್ಗೆ ಗಾಡಿ ಕಡಿಮೆ. ಅರಮನೆ ಕಡೆಗೆ ಸಣ್ಣ ಏರು. ಟ್ಯಾಂಡಮ್ಮಿನ ಬಣ್ಣ ಬಯಲಾಗೋದು ಏರಿನಲ್ಲೇ. ಸಮತಟ್ಟಿನಲ್ಲಿ ಇಬ್ಬರ ಬಲ ಇರುತ್ತದೆ, ಎದುರುಗಾಳಿ ಮುಂದಿನವನಿಗೆ ಮಾತ್ರ, ಹಾಗಾಗಿ ಓಡುತ್ತದೆ. ಏರಿನಲ್ಲಿ ಎರಡು ಹೊಟ್ಟೆಯ ಭಾರವನ್ನೂ ಮೇಲಕ್ಕೆ ಎಳೆಯಬೇಕು.

ಏರು ಶುರುವಾದ ಕೂಡಲೇ ನಾನು ಕಾಲಿನ ಬಲ ಬಿಟ್ಟೆ. ಪಾದ ಪೆಡಲಿನ ಮೇಲೇ ಇತ್ತು, ಒತ್ತಲಿಲ್ಲ. ಭಾವ ತುಳಿಯುತ್ತಿದ್ದರೆ ಸೈಕಲ್ಲು ಹೋಗಬೇಕು. ಹೋಗಲಿಲ್ಲ. ನಿಧಾನ ಆಯಿತು, ಇನ್ನೂ ನಿಧಾನ ಆಯಿತು, ಓಲಾಡಿತು. ಕೊನೆಗೆ ನಾನು ಕಾಲೂರಿದೆ. ಸಿಕ್ಕಿಬಿದ್ದರು ಅಂತ ಖುಷಿಯಿಂದ ತಿರುಗಿ ನೋಡಿದರೆ, ಭಾವ ನನಗಿಂತ ಖುಷಿಯಾಗಿದ್ದರು.

"ಸಿಕ್ಕಿಬಿದ್ದೆ! ನೀನು ತುಳೀತೀಯೋ ಇಲ್ವೋ ನೋಡೋಣ ಅಂತ ನಾನು ಕಾಲು ಬಿಟ್ಟಿದ್ದೆ ಕಣಯ್ಯಾ. ತುಳೀತಿರಲಿಲ್ಲ ನೀನು!"

ಇದಕ್ಕೆ ಏನು ಉತ್ತರ ಕೊಡೋದು? ನಾನೂ ಅದನ್ನೇ ನೋಡ್ತಿದ್ದೆ ಅಂದೆ. "ಹಂಗಂತ ಈಗ ಹೇಳ್ತಿದೀಯ" ಅಂದರು. ದಾರಿಯುದ್ದಕ್ಕೂ ಮೊಕದ್ದಮೆ ನಡೆಯಿತು, ಸಾಕ್ಷಿ ಇಲ್ಲ.

ಸಾಕ್ಷಿ ಸಿಕ್ಕಿದ್ದು ಪೊಲೀಸರಿಂದ. ಭಾವ ಮಹಾರಾಜ ಕಾಲೇಜಿನಲ್ಲಿ ಓದುವಾಗ ಸೈಕಲ್ಲಿನಲ್ಲಿ ಡಬಲ್ಸ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಕೈಯಲ್ಲಿ ಕಾಸಿಲ್ಲದಿದ್ದರೆ ಟೈರಿನ ಗಾಳಿ ಬಿಡುತ್ತಿದ್ದರು. ಭಾವನ ಸೈಕಲ್ಲಿನದ್ದೂ ಬಿಟ್ಟಿದ್ದರಂತೆ. ಆ ಸೇಡು ಇನ್ನೂ ಇತ್ತು. ಪೊಲೀಸರು ಕಂಡರೆ ಸಾಕು, "ಅವರ ಪಕ್ಕದಲ್ಲೇ ಹೋಗು, ಹಿಡೀಲಿ ನೋಡೋಣ" ಅಂತ ಬೆಲ್ ಬಾರಿಸುತ್ತಿದ್ದರು. ಯಾರೂ ಹಿಡಿದಿರಲಿಲ್ಲ. ಆ ಭಾನುವಾರ ವಾಪಸ್ ಬರುವಾಗ ಸರ್ಕಲ್ಲಿನಲ್ಲಿ ಒಬ್ಬ ಎಳೆಯ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿಯೇಬಿಟ್ಟ. ಭಾವ ಠೀವಿಯಿಂದ ಇಳಿದರು. ಮಾತು ರೆಡಿ ಮಾಡಿಕೊಂಡಿದ್ದರು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಸರ್, ಬೇಜಾರಿಲ್ಲ ಅಂದ್ರೆ ನಾನೊಂದು ರೌಂಡ್ ಬರಬಹುದಾ?" ಅಂದ ಅವನು.

ಭಾವನಿಗೆ ನಿರಾಸೆಯೋ ನಿರಾಸೆ. ಆದರೂ ಅವನಿಗೆ ಸೀಟು ಬಿಟ್ಟುಕೊಟ್ಟು, ಪಾದ ಹೇಗಿಡಬೇಕು ಅಂತ ಪಾಠ ಮಾಡಿದರು. ಬಲಗಾಲು ಮೊದಲು ಅಂದರು. ಟೋಪಿಯನ್ನೂ ಲಾಠಿಯನ್ನೂ ತಾವೇ ಇಸಿದುಕೊಂಡರು.

ನಾನು ಒಂದು ಎರಡು ಮೂರು ಅಂದೆ. ಸೈಕಲ್ಲು ಹಾರಿತು! ಬೆನ್ನ ಹಿಂದೆ ಯಾರೋ ಎಂಜಿನ್ ಇಟ್ಟ ಹಾಗೆ. ನನ್ನ ಪಾದ ಪೆಡಲನ್ನು ಹಿಡಿಯೋಕೆ ಒದ್ದಾಡಿದವು. ಗೇರು ಏರಿಸಿದೆ, ಸಾಲದು ಅಂತ ಇನ್ನೊಂದು ಏರಿಸಿದೆ. ಎರಡನೇ ತಿರುವಿನಲ್ಲಿ ನಾನು ಕಾಲಿನ ಬಲ ಪೂರ್ತಿ ಬಿಟ್ಟು ಆರಾಮಾಗಿ ಕೂತೆ. ವೇಗ ಒಂದಿಷ್ಟೂ ಕಡಿಮೆಯಾಗಲಿಲ್ಲ.

ವಾಪಸ್ ಬಂದಾಗ ಭಾವ ಟೋಪಿ ಹಿಡಿದುಕೊಂಡು ಫುಟ್‌ಪಾತಿನಲ್ಲಿ ನಿಂತಿದ್ದರು. ಕಾನ್‌ಸ್ಟೇಬಲ್ ಸಲ್ಯೂಟ್ ಹೊಡೆದು ಡ್ಯೂಟಿಗೆ ಹೋದ. ಭಾವ ಹಿಂದಿನ ಸೀಟು ಹತ್ತಿ, ಬೆಲ್ಲನ್ನೊಮ್ಮೆ ಒರೆಸಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ದೂರದಿಂದ ನೋಡ್ತಿದ್ದೆ ಕಣಯ್ಯಾ. ಅವನು ತುಳೀತಾನೇ ಇರಲಿಲ್ಲ."